ಒಂದು ಹಳೆಯ ಪಾಠದ ತಿದ್ದುಪಡಿ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನೂ ನಿವೃತ್ತಿಯ ದಿನ ಎಣಿಸುತ್ತಿದ್ದಾನೆ. ಊರಿನ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ಸಿಕ್ಕಿತೆಂದು ಒಂದು ನೋಟ್‌ಪುಸ್ತಕವನ್ನು ತಂದು ನನ್ನ ಕೈಗಿತ್ತ. ಅದು ನಮ್ಮ ಶಾಲೆಯ ವಿಜ್ಞಾನ ಸಂಘದ ಪುಸ್ತಕ. 1984ರ ಮಳೆಗಾಲದಲ್ಲಿ, ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ನಾನು ಹೇಳುತ್ತಿದ್ದ ಪಾಠಗಳನ್ನು ಅವನು ಅದರಲ್ಲಿ ಮುದ್ದಾದ ಅಕ್ಷರಗಳಿಂದ ಬರೆದುಕೊಂಡಿದ್ದಾನೆ. ನಮ್ಮ ಮಲೆನಾಡಿನ ಗೆದ್ದಲಿಗೂ ಮಳೆಗೂ ಸಿಕ್ಕದೆ ಅದು ಉಳಿದು ಬಂದದ್ದೇ ಆಶ್ಚರ್ಯ.

ಪುಟಗಳನ್ನು ತಿರುವುತ್ತಿದ್ದಾಗ ಒಂದೆಡೆ ಕೈ ನಿಂತಿತು. "ಗೆಲಾಕ್ಸಿಗಳ ಉಗಮ" ಎಂಬ ಶೀರ್ಷಿಕೆಯ ಕೆಳಗೆ ಮೂರು ಸಾಲುಗಳಿದ್ದವು: "ಮೊದಲು ಅನಿಲದ ಬೃಹತ್ ಹಾಳೆಗಳು. ಹಾಳೆಗಳು ಹರಿದು ಗುಚ್ಛಗಳು. ಗುಚ್ಛಗಳು ಒಡೆದು ಗೆಲಾಕ್ಸಿಗಳು." ಪಕ್ಕದಲ್ಲಿ ಒಂದು ಚಿತ್ರ. ಅದು ನಾನೇ ಕರಿಹಲಗೆಯ ಮೇಲೆ ಬರೆದ ಚಿತ್ರ.

ಆ ಪಾಠ ತಪ್ಪು. ಅಂದು ಅದನ್ನು ಹೇಳಿದ್ದಕ್ಕಾಗಿ ನಾನು ಅಷ್ಟಾಗಿ ನೊಂದುಕೊಳ್ಳುವುದಿಲ್ಲ, ಏಕೆಂದರೆ ಜಗತ್ತಿನ ದೊಡ್ಡ ವಿದ್ವಾಂಸರು ಕೆಲವರು ಆಗ ಹಾಗೆಯೇ ನಂಬಿದ್ದರು. ನೋವಿನ ಸಂಗತಿ ಬೇರೆ. ಅಂದು ಎರಡನೆಯ ಬೆಂಚಿನಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: "ಸಾರ್, ನಮ್ಮ ಆಕಾಶಗಂಗೆಯಲ್ಲಿ ತುಂಬಾ ತುಂಬಾ ಹಳೇ ನಕ್ಷತ್ರಗಳಿವೆ ಅಂತ ಹೋದ ವಾರ ನೀವೇ ಹೇಳಿದ್ರಿ. ದೊಡ್ಡ ಗುಚ್ಛ ಮೊದಲು ಆಗಿ, ಅದು ಒಡೆದು ಆಮೇಲೆ ಗೆಲಾಕ್ಸಿ ಆಗಬೇಕು ಅಂದ್ರೆ ಅಷ್ಟು ಹೊತ್ತು ಎಲ್ಲಿದೆ ಸಾರ್?" ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲವೆಂದು ಹೇಳುವ ಬದಲು, "ಮಾಸ್ಕೋದ ವಿದ್ವಾಂಸರಿಗಿಂತ ನಿನಗೇ ಹೆಚ್ಚು ಗೊತ್ತೇನಮ್ಮ?" ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ಕುಳಿತಳು. ಆ ವರ್ಷವಿಡೀ ಅವಳು ಮತ್ತೆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಅವಳ ಪ್ರಶ್ನೆಯೇ ಆ ಸಿದ್ಧಾಂತವನ್ನು ಕೆಡವಿದ ಪ್ರಶ್ನೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆದುದರಿಂದ ಈ ಲೇಖನವನ್ನು ತಡವಾಗಿ ಬಂದ ಉತ್ತರವೆಂದು ಭಾವಿಸಿರಿ.

ಪ್ರಶ್ನೆಗೆ ಮುನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1692ರ ಡಿಸೆಂಬರಿನಲ್ಲಿ ರಿಚರ್ಡ್ ಬೆಂಟ್ಲಿ ಎಂಬ ಧರ್ಮಪಂಡಿತನಿಗೆ ಬರೆದ ಪತ್ರದಲ್ಲಿ ನ್ಯೂಟನ್ ಇದನ್ನು ಪ್ರಸ್ತಾಪಿಸಿದ್ದಾನೆ. ಅನಂತವಾದ ಆಕಾಶದಲ್ಲಿ ದ್ರವ್ಯವು ಸಮನಾಗಿ ಹರಡಿಕೊಂಡಿದ್ದರೆ ಅದು ಒಂದೇ ಮುದ್ದೆಯಾಗಿ ಸೇರಲಾರದು; ಅಲ್ಲಲ್ಲಿ ಒಂದೊಂದು ಮುದ್ದೆಯಾಗಿ, ಪರಸ್ಪರ ದೂರದೂರದಲ್ಲಿ ಕೂಡಿಕೊಳ್ಳುತ್ತದೆ, ಸೂರ್ಯನೂ ನಕ್ಷತ್ರಗಳೂ ಹಾಗೆ ಆಗಿರಬಹುದು ಎಂಬುದು ಅವನ ಊಹೆ. 1902ರಲ್ಲಿ ಜೇಮ್ಸ್ ಜೀನ್ಸ್ ಈ ಊಹೆಗೆ ಗಣಿತದ ರೂಪ ಕೊಟ್ಟ. ಅನಿಲದ ಮೋಡವೊಂದರಲ್ಲಿ ಗುರುತ್ವವು ಒಳಗೆಳೆಯುತ್ತದೆ, ಒತ್ತಡವು ಹೊರದೂಡುತ್ತದೆ. ಮೋಡ ಸಣ್ಣದಾಗಿದ್ದರೆ ಒತ್ತಡ ಗೆಲ್ಲುತ್ತದೆ. ಒಂದು ಮಿತಿಯನ್ನು ಮೀರಿ ದೊಡ್ಡದಾಗಿದ್ದರೆ ಗುರುತ್ವ ಗೆದ್ದು ಮೋಡ ಕುಸಿಯುತ್ತದೆ.

ಆಗ ಗೆಲಾಕ್ಸಿ ಎಂಬ ಕಲ್ಪನೆಯೇ ಸ್ಪಷ್ಟವಾಗಿರಲಿಲ್ಲ. ಆ್ಯಂಡ್ರೊಮಿಡಾದ ನೀಹಾರಿಕೆ ನಮ್ಮ ಆಕಾಶಗಂಗೆಯ ಆಚೆಗಿರುವ ಬೇರೊಂದು ನಕ್ಷತ್ರಲೋಕ ಎಂಬುದನ್ನು ಎಡ್ವಿನ್ ಹಬಲ್ ತೋರಿಸಿದ ಫಲಿತಾಂಶ ವಿದ್ವಾಂಸರ ಮುಂದೆ ಬಂದದ್ದು 1925ರ ಮೊದಲ ದಿನ. 1929ರ ಹೊತ್ತಿಗೆ ಗೆಲಾಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತಿವೆ, ಅಂದರೆ ವಿಶ್ವವೇ ಹಿಗ್ಗುತ್ತಿದೆ, ಎಂಬುದಕ್ಕೆ ಅಳತೆಗಳು ದೊರೆತವು. ಇದರಿಂದ ಪ್ರಶ್ನೆ ಇನ್ನಷ್ಟು ಕಠಿಣವಾಯಿತು. ಹಿಗ್ಗುತ್ತಿರುವ ವಿಶ್ವದಲ್ಲಿ ದ್ರವ್ಯ ಒಟ್ಟುಗೂಡುವುದೆಂದರೆ, ಹೊಳೆಯ ಸೆಳವಿಗೆ ಎದುರಾಗಿ ಈಜಿದಂತೆ. 1946ರಲ್ಲಿ ಸೋವಿಯತ್ ವಿಜ್ಞಾನಿ ಲಿಫ್‌ಷಿಟ್ಸ್ ಲೆಕ್ಕ ಮಾಡಿ, ಇಂತಹ ವಿಶ್ವದಲ್ಲಿ ಗಂಟುಗಳು ಬೆಳೆಯುತ್ತವೆ, ಆದರೆ ಬಹಳ ನಿಧಾನವಾಗಿ ಬೆಳೆಯುತ್ತವೆ ಎಂದು ತೋರಿಸಿದ. ಆರಂಭದಲ್ಲೇ ತಕ್ಕಷ್ಟು ಏರುಪೇರು ಇಲ್ಲದಿದ್ದರೆ ಗೆಲಾಕ್ಸಿ ಆಗುವಂತಿಲ್ಲ.

ಆರಂಭದಲ್ಲಿ ಏರುಪೇರು ಎಷ್ಟಿತ್ತು? 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಪೆನ್ಝಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ಪ್ರಕಟಿಸಿದ ಶೋಧ ಈ ಪ್ರಶ್ನೆಗೆ ಬಾಗಿಲು ತೆರೆಯಿತು. ಆಕಾಶದ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಒಂದು ಕ್ಷೀಣ ರೇಡಿಯೊ ಸದ್ದನ್ನು ಅವರು ಹಿಡಿದರು. ಮಹಾಸ್ಫೋಟದ ನಂತರ ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು ಅದು. ಅಂದಿನ ಸುಮಾರು 3,000 ಡಿಗ್ರಿಯ ಕಾವು ಆರಿ ಆರಿ ಇಂದು ನಿರಪೇಕ್ಷ ಶೂನ್ಯಕ್ಕಿಂತ ಕೇವಲ 2.7 ಡಿಗ್ರಿ ಮೇಲಿದೆ. ಆ ಬೆಳಕು ಎಲ್ಲೆಡೆಯೂ ಎಷ್ಟು ಒಂದೇ ಸಮನಾಗಿತ್ತೆಂದರೆ, ಅಂದಿನ ವಿಶ್ವ ತಿಳಿಗೊಳದಂತೆ ನಿಶ್ಚಲವಾಗಿತ್ತೆಂದೇ ಹೇಳಬೇಕು. ಇಂತಹ ಸಮತಟ್ಟಿನಿಂದ ಗೆಲಾಕ್ಸಿಗಳು ಎದ್ದುದಾದರೂ ಹೇಗೆ?

ಇಲ್ಲಿ ಎರಡು ಪಂಥಗಳು ಹುಟ್ಟಿದವು. ಮಾಸ್ಕೋದಲ್ಲಿ ಯಾಕೊವ್ ಝೆಲ್ಡೊವಿಚ್. ಕಾಲೇಜಿನ ಪದವಿಯನ್ನೇ ಪಡೆಯದೆ, ಹದಿನೇಳನೆಯ ವಯಸ್ಸಿನಲ್ಲಿ ಪ್ರಯೋಗಾಲಯದ ಸಹಾಯಕನಾಗಿ ಸೇರಿ, ತನ್ನ ಕಾಲದ ಅಗ್ರಗಣ್ಯ ಭೌತವಿಜ್ಞಾನಿಗಳಲ್ಲಿ ಒಬ್ಬನಾದ ಅಸಾಮಾನ್ಯ ಪ್ರತಿಭೆ. ಕುಸಿಯುವ ಅನಿಲರಾಶಿ ಎಲ್ಲ ದಿಕ್ಕಿನಿಂದಲೂ ಏಕಕಾಲಕ್ಕೆ ಕುಸಿಯುವುದಿಲ್ಲ, ಯಾವುದೋ ಒಂದು ದಿಕ್ಕಿನಲ್ಲಿ ಮೊದಲು ಕುಸಿದು ಚಪ್ಪಟೆಯಾಗುತ್ತದೆ ಎಂದು 1970ರಲ್ಲಿ ಅವನು ತೋರಿಸಿದ. ಇಂಗ್ಲಿಷಿನವರು ಇದನ್ನು ಪ್ಯಾನ್‌ಕೇಕ್ ಎಂದು ಕರೆದರು. ನಾನು ತರಗತಿಯಲ್ಲಿ "ದೋಸೆ ಸಿದ್ಧಾಂತ" ಎಂದಿದ್ದೆ, ಕೆಲವರಿಗಾದರೂ ನೆನಪಿರಬಹುದು. ಮೊದಲು ದೋಸೆ, ಅದು ಹರಿದು ತುಂಡುಗಳು, ತುಂಡುಗಳೊಳಗೆ ಗೆಲಾಕ್ಸಿಗಳು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ ಇದು.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕೆನಡಾ ಮೂಲದ ಜಿಮ್ ಪೀಬಲ್ಸ್ ಇದಕ್ಕೆ ವಿರುದ್ಧವಾದ ಕ್ರಮವನ್ನು ಹಿಡಿದರು. ರಾಗಿ ಹಿಟ್ಟು ಕದಡುವಾಗ ಮೊದಲು ಸಣ್ಣ ಗಂಟುಗಳಾಗಿ, ಅವು ಒಂದಕ್ಕೊಂದು ಅಂಟಿ ದೊಡ್ಡ ಗಂಟಾಗುವುದನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ಹಾಗೆಯೇ ಮೊದಲು ಸಣ್ಣ ರಾಶಿಗಳು, ಅವು ಕೂಡಿ ಗೆಲಾಕ್ಸಿಗಳು, ಗೆಲಾಕ್ಸಿಗಳು ಕೂಡಿ ಗುಚ್ಛಗಳು ಎಂಬುದು ಅವರ ವಾದ.

ಇಷ್ಟರ ನಡುವೆ ಇನ್ನೊಂದು ಒಗಟು ಬೆಳೆಯುತ್ತಿತ್ತು. ನಮ್ಮಿಂದ ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಕೋಮಾ ಗುಚ್ಛದ ಗೆಲಾಕ್ಸಿಗಳು ಎಷ್ಟು ವೇಗದಿಂದ ಚಲಿಸುತ್ತಿವೆಯೆಂದರೆ, ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವ ಅವನ್ನು ಹಿಡಿದಿಡಲಾರದು ಎಂದು 1933ರಲ್ಲೇ ಫ್ರಿಟ್ಸ್ ಝ್ವಿಕಿ ಹೇಳಿದ್ದ. ಹೆಚ್ಚು ಮಂದಿ ಕಿವಿಗೊಡಲಿಲ್ಲ. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಸುರುಳಿ ಗೆಲಾಕ್ಸಿಗಳ ಹೊರ ಅಂಚು ಒಳಭಾಗದಷ್ಟೇ ವೇಗವಾಗಿ ತಿರುಗುವುದನ್ನು ಅಳೆದ ಮೇಲೆ, ಕಾಣದ ದ್ರವ್ಯವೊಂದಿದೆ ಎಂಬುದನ್ನು ತಳ್ಳಿಹಾಕುವುದು ಕಷ್ಟವಾಯಿತು. ಇದನ್ನೇ ನಾವೀಗ ಕಪ್ಪುದ್ರವ್ಯ ಎನ್ನುತ್ತೇವೆ.

ಕಪ್ಪುದ್ರವ್ಯ ಯಾವುದರಿಂದ ಆಗಿದೆ? 1980ರಲ್ಲಿ ಮಾಸ್ಕೋದ ಪ್ರಯೋಗಾಲಯವೊಂದು ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಕ್ಕೆ ಸುಮಾರು 30 ಎಲೆಕ್ಟ್ರಾನ್ ವೋಲ್ಟಿನಷ್ಟು ದ್ರವ್ಯರಾಶಿ ಇದೆಯೆಂದು ಪ್ರಕಟಿಸಿತು. ವಿಶ್ವದಲ್ಲಿ ನ್ಯೂಟ್ರಿನೊಗಳು ಲೆಕ್ಕವಿಲ್ಲದಷ್ಟಿವೆ. ಪ್ರತಿಯೊಂದಕ್ಕೂ ಅಷ್ಟು ತೂಕವಿದ್ದರೆ ಕಪ್ಪುದ್ರವ್ಯದ ಲೆಕ್ಕ ಸರಿಹೋಗುತ್ತದೆ. ನ್ಯೂಟ್ರಿನೊಗಳು ಬೆಳಕಿಗೆ ಸಮೀಪದ ವೇಗದಿಂದ ಧಾವಿಸುವುದರಿಂದ ಸಣ್ಣ ಗಂಟುಗಳನ್ನೆಲ್ಲ ಅಳಿಸಿಹಾಕುತ್ತವೆ. ಮಹಾಗುಚ್ಛದಷ್ಟು ದೊಡ್ಡ ಗಂಟುಗಳು ಮಾತ್ರ ಉಳಿಯುತ್ತವೆ. ಅಂದರೆ ದೊಡ್ಡದು ಮೊದಲು! ಝೆಲ್ಡೊವಿಚನ ದೋಸೆಗೆ ಕಾವಲಿ ಸಿಕ್ಕಂತಾಯಿತು. ಪೇಟೆಯ ವಾಚನಾಲಯದಲ್ಲಿ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಇದನ್ನೋದಿ, ಉತ್ಸಾಹದಿಂದ ಉಬ್ಬಿ, ನಾನು ಶನಿವಾರದ ಪಾಠಕ್ಕೆ ಸಿದ್ಧನಾದದ್ದು ಹೀಗೆ.

ನಾನು ಪಾಠ ಹೇಳಿದ್ದಕ್ಕೆ ಒಂದು ವರ್ಷ ಮೊದಲೇ, 1983ರಲ್ಲಿ, ಸೈಮನ್ ವೈಟ್, ಕಾರ್ಲೋಸ್ ಫ್ರೆಂಕ್ ಮತ್ತು ಮಾರ್ಕ್ ಡೇವಿಸ್ ಎಂಬ ಮೂವರು ಯುವ ವಿಜ್ಞಾನಿಗಳು ನ್ಯೂಟ್ರಿನೊಗಳಿಂದ ತುಂಬಿದ ವಿಶ್ವವೊಂದನ್ನು ಗಣಕಯಂತ್ರದಲ್ಲಿ ಬೆಳೆಸಿ ನೋಡಿದ್ದರು. ಫಲಿತಾಂಶ ನಿಜವಾದ ಆಕಾಶಕ್ಕೆ ಹೊಂದಲಿಲ್ಲ. ದೊಡ್ಡ ರಾಶಿಗಳು ಮೊದಲು ಕುಸಿದು ಬಳಿಕ ಗೆಲಾಕ್ಸಿಗಳಾಗಬೇಕಾದರೆ ಅವು ತೀರ ಇತ್ತೀಚೆಗೆ ಹುಟ್ಟಿರಬೇಕಾಗುತ್ತಿತ್ತು; ಬೇಗ ಹುಟ್ಟಿಸಿದರೆ ಗುಚ್ಛಗಳು ನಾವು ಕಾಣುವುದಕ್ಕಿಂತ ವಿಪರೀತ ದಟ್ಟವಾಗುತ್ತಿದ್ದವು. ಒಂದೇ ಮಾತಿನಲ್ಲಿ ಹೇಳುವುದಾದರೆ, ಸಮಯ ಸಾಲದು. ಎರಡನೆಯ ಬೆಂಚಿನ ಹುಡುಗಿ ಹೇಳಿದ್ದು ಇದನ್ನೇ. ಮುಂದೆ ನ್ಯೂಟ್ರಿನೊದ ಆ ಅಳತೆಯೂ ನಿಲ್ಲಲಿಲ್ಲ. ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಯಾಟ್ರಿನ್ ಪ್ರಯೋಗವು 2025ರಲ್ಲಿ ಪ್ರಕಟಿಸಿದಂತೆ, ಅದರ ದ್ರವ್ಯರಾಶಿ 0.45 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ.

ಹಾಗಾದರೆ ಸರಿಯಾದ ಉತ್ತರವೇನು? ನಿಧಾನವಾಗಿ ಚಲಿಸುವ, ಬೆಳಕಿನೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ಕಣಗಳಿಂದ ಕಪ್ಪುದ್ರವ್ಯ ಆಗಿರಬೇಕೆಂದು 1982ರಲ್ಲಿ ಪೀಬಲ್ಸ್ ಮತ್ತಿತರರು ಸೂಚಿಸಿದರು. 1984ರಲ್ಲಿ ಬ್ಲೂಮೆಂಥಾಲ್, ಫೇಬರ್, ಪ್ರೈಮ್ಯಾಕ್ ಮತ್ತು ರೀಸ್ ಅದನ್ನು ಗೆಲಾಕ್ಸಿಗಳ ಉಗಮಕ್ಕೆ ವಿಸ್ತಾರವಾಗಿ ಅನ್ವಯಿಸಿದರು. ಇದಕ್ಕೆ ತಣ್ಣನೆಯ ಕಪ್ಪುದ್ರವ್ಯ ಎಂದು ಹೆಸರು. ಮರುವರ್ಷ ವೈಟ್, ಫ್ರೆಂಕ್, ಡೇವಿಸ್ ಇವರೊಡನೆ ಎಫ್‌ಸ್ಟಾಥಿಯೂ ಸೇರಿ, ಕೇವಲ 32,768 ಕಣಗಳ ಗಣಕ ವಿಶ್ವವೊಂದನ್ನು ಕಟ್ಟಿದರು. ಅದು ನಿಜವಾದ ಆಕಾಶವನ್ನು ಗುರುತು ಹಿಡಿಯುವಷ್ಟು ಹೋಲುತ್ತಿತ್ತು.

ಆದರೂ ಸಾಕ್ಷಿ ಬೇಕಲ್ಲ? ಬೀಜಗಳು ಆ ಆದಿಬೆಳಕಿನಲ್ಲಿ ಅಚ್ಚೊತ್ತಿರಲೇಬೇಕು. 1989ರಲ್ಲಿ ಹಾರಿದ ಕೋಬ್ ಉಪಗ್ರಹವು ಅವುಗಳನ್ನು ಕಂಡಿತೆಂದು 1992ರ ಏಪ್ರಿಲಿನಲ್ಲಿ ಜಗತ್ತಿಗೆ ತಿಳಿಯಿತು. ಏರುಪೇರಿನ ಪ್ರಮಾಣ ಲಕ್ಷಕ್ಕೆ ಒಂದು ಭಾಗ. ನೂರು ಮೀಟರ್ ಆಳದ ಕೊಳದ ಮೇಲೆ ಒಂದು ಮಿಲಿಮೀಟರಿನ ಅಲೆಯನ್ನು ಊಹಿಸಿಕೊಳ್ಳಿರಿ, ಅಷ್ಟೇ.

ಇಲ್ಲಿ ಒಂದು ಚಿಕ್ಕ ಲೆಕ್ಕವಿದೆ, ಗಣಿತದ ಹೆಸರು ಕೇಳಿದರೆ ಓಡುತ್ತಿದ್ದವರೂ ದಯವಿಟ್ಟು ನಿಲ್ಲಿರಿ. ಆ ಬೆಳಕು ಹೊರಟಂದಿನಿಂದ ಇಂದಿನವರೆಗೆ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದೆ. ಏರುಪೇರುಗಳು ಹೆಚ್ಚೆಂದರೆ ಅದೇ ಪ್ರಮಾಣದಲ್ಲಿ ಬೆಳೆದಿರಬಹುದು. ಲಕ್ಷಕ್ಕೆ ಒಂದು ಎಂಬುದು ಸಾವಿರ ಪಟ್ಟು ಬೆಳೆದರೆ ನೂರಕ್ಕೆ ಒಂದು. ಗೆಲಾಕ್ಸಿಯಾಗಲು ಅದು ಏನೇನೂ ಸಾಲದು! ಸಾಮಾನ್ಯ ದ್ರವ್ಯವೊಂದೇ ಇದ್ದಿದ್ದರೆ ಇಂದಿಗೂ ಗೆಲಾಕ್ಸಿಗಳಿಲ್ಲ, ನಕ್ಷತ್ರಗಳಿಲ್ಲ, ನಾವೂ ಇಲ್ಲ. ಸಾಮಾನ್ಯ ದ್ರವ್ಯವು ಆ 3,80,000 ವರ್ಷ ಬೆಳಕಿನೊಡನೆ ಹೆಣೆದುಕೊಂಡು, ಅದರ ಒತ್ತಡದಿಂದಾಗಿ ಗಂಟು ಕಟ್ಟಲಾರದೆ ಉಳಿದಿತ್ತು. ಕಪ್ಪುದ್ರವ್ಯಕ್ಕೆ ಆ ಬಂಧನವಿರಲಿಲ್ಲ. ಅದು ಮುಂಚಿತವಾಗಿಯೇ ಹಳ್ಳಗಳನ್ನು ತೋಡಿಟ್ಟಿತ್ತು. ಬೆಳಕಿನ ಹಿಡಿತ ಸಡಿಲವಾದೊಡನೆ ಹೈಡ್ರೋಜನ್ ಮತ್ತು ಹೀಲಿಯಂ ಅನಿಲಗಳು, ಮೊದಲ ಮಳೆಯ ನೀರು ಅಂಗಳದ ತಗ್ಗುಗಳಿಗೆ ಹರಿಯುವಂತೆ, ಆ ಹಳ್ಳಗಳಿಗೆ ಹರಿದು ಸೇರಿದವು.

ಮೊದಲು ತುಂಬಿದ್ದು ಚಿಕ್ಕ ಹಳ್ಳಗಳು. ಸೂರ್ಯನ ಕೆಲವು ಲಕ್ಷ ಪಟ್ಟು ತೂಕದ ಕಪ್ಪುದ್ರವ್ಯದ ರಾಶಿಗಳೊಳಗೆ ಅನಿಲ ತಣಿದು, ಮಹಾಸ್ಫೋಟದ ನಂತರ ಹತ್ತಿಪ್ಪತ್ತು ಕೋಟಿ ವರ್ಷಗಳಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡವು ಎಂಬುದು ಇಂದಿನ ತಿಳಿವಳಿಕೆ. ಇಂತಹ ಚಿಕ್ಕ ರಾಶಿಗಳು ಒಂದನ್ನೊಂದು ಸೇರುತ್ತ ಗೆಲಾಕ್ಸಿಗಳಾದವು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದ ದಿಕ್ಕಿನ ಖಾಲಿ ಕಾಣುವ ಚೂರೊಂದಕ್ಕೆ ಹತ್ತು ದಿನ ನೆಟ್ಟಾಗ, ಅಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು. ದೂರದವು, ಅಂದರೆ ಹಳೆಯ ಕಾಲದವು, ಗಾತ್ರದಲ್ಲಿ ಚಿಕ್ಕವು, ಆಕಾರದಲ್ಲಿ ಒರಟು. ನಮ್ಮ ಆಕಾಶಗಂಗೆಯೂ ಇದಕ್ಕೆ ಹೊರತಲ್ಲ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಅದು ಬೇರೊಂದು ಗೆಲಾಕ್ಸಿಯನ್ನು ನುಂಗಿದ ಕುರುಹನ್ನು ಗಾಯಾ ಉಪಗ್ರಹದ ಅಳತೆಗಳಿಂದ 2018ರಲ್ಲಿ ಗುರುತಿಸಲಾಯಿತು. ಆ ಅತಿಥಿ ನಕ್ಷತ್ರಗಳು ಇಂದಿಗೂ ತಮ್ಮದೇ ಬೇರೆ ದಾರಿಯಲ್ಲಿ ಚಲಿಸುತ್ತಿವೆ.

ಗುಚ್ಛಗಳು ಕಿರಿಯವು. ಅವುಗಳ ಮೊಳಕೆ ಬೇಗನೆ ಒಡೆಯುತ್ತದೆ ನಿಜ. ಮಹಾಸ್ಫೋಟದ ನಂತರ 65 ಕೋಟಿ ವರ್ಷಕ್ಕೇ ಏಳು ಗೆಲಾಕ್ಸಿಗಳು ಒಂದೆಡೆ ಕೂಡುತ್ತಿದ್ದುದನ್ನು ವೆಬ್ ದೂರದರ್ಶಕ 2023ರಲ್ಲಿ ತೋರಿಸಿದೆ. ಆದರೆ ಅವು ಕೋಮಾದಂತಹ ದೊಡ್ಡ ಸಂಸಾರವಾಗಿ ಬೆಳೆಯಲು ನೂರಾರು ಕೋಟಿ ವರ್ಷಗಳು ಬೇಕು. ಅಷ್ಟೆಲ್ಲ ಅನಿಲ ಸೇರಿ ಒಂದೇ ದೈತ್ಯ ಗೆಲಾಕ್ಸಿ ಏಕಾಗಲಿಲ್ಲ ಎಂದು ನೀವು ಕೇಳಬಹುದು. ಗುಚ್ಛದ ಆಳಕ್ಕೆ ಬೀಳುವ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾಯ್ದು ಕ್ಷಕಿರಣಗಳನ್ನು ಹೊಮ್ಮಿಸುತ್ತದೆ. ಅದರ ಬಹುಪಾಲು ತಣಿಯಲು ವಿಶ್ವದ ವಯಸ್ಸೇ ಸಾಲದು. ಗೆಲಾಕ್ಸಿಯಾಗಬೇಕಾದರೆ ಅನಿಲ ತಣಿಯಬೇಕು ಎಂಬುದನ್ನು ವೈಟ್ ಮತ್ತು ರೀಸ್ 1978ರಲ್ಲೇ ಹೇಳಿದ್ದರು.

ಹಾಗೆಂದು ಝೆಲ್ಡೊವಿಚನನ್ನು ನಾವು ಸೋತವನೆಂದು ಬದಿಗಿಡುವಂತಿಲ್ಲ. 1986ರಲ್ಲಿ ವ್ಯಾಲೆರಿ ದ ಲಪರೆಂಟ್, ಮಾರ್ಗರೆಟ್ ಗೆಲ್ಲರ್ ಮತ್ತು ಜಾನ್ ಹುಕ್ರಾ ಸುಮಾರು 1,100 ಗೆಲಾಕ್ಸಿಗಳ ದೂರವನ್ನು ಅಳೆದು ನಕ್ಷೆ ಬರೆದಾಗ, ಅವು ಹಾಳೆಗಳಂತೆ, ಎಳೆಗಳಂತೆ, ನಡುವೆ ಬೃಹತ್ ಶೂನ್ಯಗಳನ್ನು ಬಿಟ್ಟು ಹರಡಿಕೊಂಡಿದ್ದವು. ಎಳೆಗಳು ಕೂಡುವ ಗಂಟುಗಳಲ್ಲಿ ಗುಚ್ಛಗಳಿರುತ್ತವೆ. 2017ರಲ್ಲಿ ಪುಣೆಯ ವಿಜ್ಞಾನಿಗಳು ಗುರುತಿಸಿ "ಸರಸ್ವತಿ" ಎಂದು ಹೆಸರಿಟ್ಟ ಮಹಾಗುಚ್ಛವೂ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಇಂತಹದೇ ಜಾಲದ ಭಾಗ. ಆಕಾರದ ವಿಷಯದಲ್ಲಿ ಝೆಲ್ಡೊವಿಚನ ಗಣಿತ ಸರಿಯಾಗಿತ್ತು. ಅವನು ಎಡವಿದ್ದು ಕ್ರಮದಲ್ಲಿ. ಕರಿಹಲಗೆಯ ಮೇಲಿನ ನನ್ನ ದೋಸೆಯೂ ಪೂರ್ತಿ ಸೀದುಹೋಗಲಿಲ್ಲವೆಂಬ ಸಣ್ಣ ಸಮಾಧಾನ ನನಗಿದೆ. ಪೀಬಲ್ಸ್ ಅವರಿಗೆ 2019ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಝೆಲ್ಡೊವಿಚ್ 1987ರಲ್ಲೇ ತೀರಿಕೊಂಡಿದ್ದ.

ಇಲ್ಲಿಗೆ ಎಲ್ಲವೂ ಮುಗಿಯಿತೆಂದು ಬರೆದರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. 2021ರ ಡಿಸೆಂಬರ್ 25ರಂದು ಹಾರಿದ ವೆಬ್ ದೂರದರ್ಶಕವು ಮಹಾಸ್ಫೋಟದ ನಂತರ ಕೇವಲ 28-29 ಕೋಟಿ ವರ್ಷಗಳ ಗೆಲಾಕ್ಸಿಗಳನ್ನು ಕಂಡಿದೆ. ಅವು ನಿರೀಕ್ಷೆಗಿಂತ ಹೆಚ್ಚು ಪ್ರಕಾಶಮಾನವಾಗಿವೆ, ಸಂಖ್ಯೆಯಲ್ಲೂ ಹೆಚ್ಚು. ಅಷ್ಟು ಬೇಗ ಅಷ್ಟು ನಕ್ಷತ್ರಗಳಾದದ್ದು ಹೇಗೆಂಬ ಚರ್ಚೆ ನಡೆದಿದೆ. "ಅಷ್ಟು ಹೊತ್ತು ಎಲ್ಲಿದೆ ಸಾರ್" ಎಂಬ ಪ್ರಶ್ನೆ ಇಂದಿಗೂ ಮುಪ್ಪಾಗಿಲ್ಲ!

ಈ ಹುಡುಕಾಟದ ಒಂದು ತುಣುಕು ನಮ್ಮ ಸೀಮೆಯಲ್ಲೇ ನಡೆದಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಅನಿಲ ಬಿಟ್ಟುಹೋದ ಕ್ಷೀಣ ರೇಡಿಯೊ ಗುರುತನ್ನು ಕಂಡೆವೆಂದು 2018ರಲ್ಲಿ, ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಪಕರಣವಿಟ್ಟಿದ್ದ ಅಮೆರಿಕದ ತಂಡವೊಂದು ಪ್ರಕಟಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ತಾವು ಕಟ್ಟಿದ ಸರಸ್ ಎಂಬ ರೇಡಿಯೊ ದೂರದರ್ಶಕವನ್ನು ಬಳಸಿದರು. ನೆಲದ ಮೇಲಿಟ್ಟರೆ ಕೆಳಗಿನ ಕಲ್ಲುಮಣ್ಣಿನ ಪದರಗಳು ಅಳತೆಯನ್ನು ಕೆಡಿಸುತ್ತವೆ; ನೀರಾದರೋ ಒಂದೇ ಸಮ. ಹಾಗಾಗಿ 2020ರಲ್ಲಿ ಅದನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಬಳಿಕ ನಮ್ಮ ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟರು. ಆ ತಂಡ ಹೇಳಿದ ಗುರುತು ಅಲ್ಲಿ ಕಾಣಲಿಲ್ಲವೆಂದು 2022ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ನಮ್ಮ ಹಿರಿಯರ ಗದ್ದೆ ಮನೆಗಳು ಮುಳುಗಿದ ಆ ನೀರಿನ ಮೇಲೆ ನಿಂತು, ದೂರದೇಶದ ವಿದ್ವಾಂಸರಿಗೆ ಸಾಕ್ಷಿಸಹಿತ "ಇಲ್ಲ" ಎಂದವರನ್ನು ನೆನೆದಾಗ ಹೆಮ್ಮೆಯಾಗುತ್ತದೆ. ಜೊತೆಗೆ, "ಮಾಸ್ಕೋದ ವಿದ್ವಾಂಸರಿಗಿಂತ ನಿನಗೇ ಹೆಚ್ಚು ಗೊತ್ತೇನಮ್ಮ" ಎಂದ ನನ್ನ ಮಾತೂ ನೆನಪಾಗಿ ತಲೆ ತಗ್ಗುತ್ತದೆ.

ಆ ಹುಡುಗಿ ಈಗ ಎಲ್ಲಿರುವಳೋ ನನಗೆ ತಿಳಿಯದು. ಮದುವೆಯಾಗಿ ಬೇರೆ ಜಿಲ್ಲೆಗೆ ಹೋದಳೆಂದಷ್ಟೇ ಕೇಳಿದ್ದೆ. ಅಂದಿನ ತರಗತಿಯವರು ಯಾರಾದರೂ ಅವಳನ್ನು ಬಲ್ಲವರಿದ್ದರೆ, ಈ ಬರಹವನ್ನು ಅವಳಿಗೆ ಮುಟ್ಟಿಸಿರಿ. ತಾಯೀ, ನಿನ್ನ ಪ್ರಶ್ನೆ ಸರಿಯಾಗಿತ್ತು. ಉತ್ತರ ಗೊತ್ತಿಲ್ಲದವನು ನಾನಾಗಿದ್ದೆ.

ನೋಟ್‌ಪುಸ್ತಕವನ್ನು ಹಿಂದಿರುಗಿಸುವ ಮುನ್ನ ಮೇಜಿನ ಖಾನೆಯಿಂದ ಕೆಂಪು ಶಾಯಿಯ ಪೆನ್ನನ್ನು ಹುಡುಕಿ ತೆಗೆದೆ. ಆ ಮೂರು ಸಾಲುಗಳ ಮೇಲೆ ಗೆರೆ ಎಳೆದು, ಅಂಚಿನಲ್ಲಿ ಬರೆದೆ: "ಮೊದಲು ಚಿಕ್ಕವು, ನಂತರ ದೊಡ್ಡವು. ತಪ್ಪು ಶಿಕ್ಷಕರದು." ಕೆಳಗೆ ಸಹಿ ಹಾಕಿ ದಿನಾಂಕ ನಮೂದಿಸಿದೆ. ದೋಸೆಯ ಚಿತ್ರವನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.